ನೆಲ ಕೊಟ್ಟವರಿಗೆ ಎಷ್ಟು ಹೇಳಬೇಕು?

1952ರಿಂದ 1957ರವರೆಗೆ ಬ್ರಿಟನ್ ಆಸ್ಟ್ರೇಲಿಯದಲ್ಲಿ ಹನ್ನೆರಡು ಅಣುಬಾಂಬುಗಳನ್ನು ಸಿಡಿಸಿತು. ಪಶ್ಚಿಮ ಕರಾವಳಿಯಾಚೆಯ ಮಾಂಟೆಬೆಲ್ಲೊ ದ್ವೀಪಗಳಲ್ಲಿ ಮೂರು, ದಕ್ಷಿಣ ಆಸ್ಟ್ರೇಲಿಯದ ಮರುಭೂಮಿಯ ಎಮು ಫೀಲ್ಡ್‌ನಲ್ಲಿ ಎರಡು, ಅದರ ದಕ್ಷಿಣಕ್ಕಿರುವ ಮರಲಿಂಗದಲ್ಲಿ ಏಳು. ನೆಲ ಆಸ್ಟ್ರೇಲಿಯದ್ದು. ರಸ್ತೆ ಕಡಿದವರು, ಶಿಬಿರ ಕಟ್ಟಿದವರು, ಸ್ಫೋಟದ ಮೋಡದ ಹಿಂದೆ ವಿಮಾನ ಹಾರಿಸಿದವರಲ್ಲಿ ಬಹಳ ಮಂದಿ ಆಸ್ಟ್ರೇಲಿಯದವರು. ಬಾಂಬು ಮಾತ್ರ ಬ್ರಿಟನ್ನಿನದು. ಅದರ ಬಗ್ಗೆ ಯಾರಿಗೆ ಎಷ್ಟು ಹೇಳಬೇಕೆಂದು ತೀರ್ಮಾನಿಸುತ್ತಿದ್ದದ್ದು ಲಂಡನ್. ಹಾಗೆ ತೀರ್ಮಾನಿಸುವಾಗೆಲ್ಲ ಲಂಡನ್ನಿನ ಕಣ್ಣು ವಾಷಿಂಗ್ಟನ್ನಿನ ಮೇಲಿರುತ್ತಿತ್ತು.

ನಾನು ಅಡಿಲೇಡ್ ನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನಲ್ಲಿ. ಮರಲಿಂಗದ ಹೆಸರನ್ನು ಮೊದಲು ಕೇಳಿದ್ದು ಇಲ್ಲಿಗೆ ಬಂದ ಮೇಲೆ, ತರಗತಿಯಲ್ಲಿ ವಿಕಿರಣದ ಪಾಠ ನಡೆಯುವಾಗ ಒಬ್ಬ ಹುಡುಗ ಎದ್ದುನಿಂತು, ತನ್ನ ತಾತ ಅಲ್ಲಿ ಲಾರಿ ಓಡಿಸುತ್ತಿದ್ದರು, ಅಲ್ಲೇನು ನಡೆಯಿತೆಂದು ಅವರು ಸಾಯುವ ತನಕ ಬಾಯಿ ಬಿಡಲಿಲ್ಲ ಎಂದಾಗ. ಆ ಮಗುವಿಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಅಂದಿನಿಂದ ಇದನ್ನು ಬಿಡದೆ ಓದುತ್ತ ಬಂದಿದ್ದೇನೆ. ಈ ಪರೀಕ್ಷೆಗಳ ವಿಚಾರಣೆ ನಡೆಸಿದ ರಾಯಲ್ ಕಮಿಷನ್‌ನ, 1985ರಲ್ಲಿ ಹೊರಬಂದ ವರದಿಯ ಸಂಪುಟಗಳನ್ನು ನಾರ್ತ್ ಟೆರೇಸ್‌ನ ರಾಜ್ಯ ಗ್ರಂಥಾಲಯದಲ್ಲಿ ಕೂತು ಓದಿದೆ, ಕೆಲವು ಅಧ್ಯಾಯಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬಾಂಬಿನ ಶಕ್ತಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಈ ಹೇಳುವ, ಹೇಳದಿರುವ ಲೆಕ್ಕಾಚಾರ.

ಅದರ ಬೇರು ಯುದ್ಧಕಾಲದಲ್ಲಿದೆ. 1943ರ ಆಗಸ್ಟ್‌ನಲ್ಲಿ ಕ್ವಿಬೆಕ್‌ನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಸಹಿ ಹಾಕಿದ ಒಪ್ಪಂದದ ಮೇಲೆ ಬ್ರಿಟನ್ನಿನ ವಿಜ್ಞಾನಿಗಳ ತಂಡವೊಂದು ಅಮೆರಿಕದ ಅಣುಬಾಂಬು ಪ್ರಯೋಗಾಲಯವಿದ್ದ ಲಾಸ್ ಅಲಮೋಸ್‌ಗೆ ಹೋಯಿತು. ಜೇಮ್ಸ್ ಚ್ಯಾಡ್ವಿಕ್ ಅದರ ಮುಖ್ಯಸ್ಥ. ವಿಲಿಯಂ ಪೆನ್ನಿ, ಅರ್ನೆಸ್ಟ್ ಟಿಟರ್ಟನ್, ಕ್ಲಾಸ್ ಫುಕ್ಸ್ ಎಲ್ಲರೂ ಅದರಲ್ಲಿದ್ದರು. ಒಂದೇ ಮೇಜಿನ ಸುತ್ತ ಕೂತು ಕೆಲಸ ಮಾಡಿದ ಮಿತ್ರರು. ಆದರೂ ಬಾಂಬು ಬೀಳುವುದನ್ನು ನೋಡುವ ಸರದಿ ಬಂದಾಗ ಬ್ರಿಟನ್ನಿನವರನ್ನು ಹಿರೋಶಿಮಾಕ್ಕೆ ಕರೆದೊಯ್ಯಲಿಲ್ಲ. ಪೆನ್ನಿ ಮತ್ತು ವಾಯುಪಡೆಯ ಲಿಯೊನಾರ್ಡ್ ಚೆಶೈರ್ ಇಬ್ಬರಿಗೂ ನಾಗಸಾಕಿಯ ದಿನ ಮಾತ್ರ ಒಂದು ವೀಕ್ಷಕ ವಿಮಾನದಲ್ಲಿ ಜಾಗ ಸಿಕ್ಕಿತು. ಆ ವಿಮಾನವೂ ಬಾಂಬು ಹೊತ್ತ ವಿಮಾನವನ್ನು ಸೇರಿಕೊಳ್ಳಲಾಗದೆ, ಅವರು ಸ್ಫೋಟವನ್ನು ಬಹಳ ದೂರದಿಂದ ನೋಡಿದರು.

1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಮೆಕ್‌ಮಹನ್ ಕಾಯಿದೆಗೆ ಸಹಿ ಹಾಕಿದರು. ಅಣುಶಸ್ತ್ರದ ಮಾಹಿತಿಯನ್ನು ಯಾವ ಹೊರದೇಶಕ್ಕೂ ಕೊಡಬಾರದು ಎಂದಿತು ಆ ಕಾಯಿದೆ. ಕೂಡಿ ಕೆಲಸ ಮಾಡಿದ ಬ್ರಿಟನ್ನಿಗೂ ಬಾಗಿಲು ಮುಚ್ಚಿತು. ಅದೇ ಬೇಸಿಗೆಯಲ್ಲಿ ಬಿಕಿನಿ ಹವಳದ್ವೀಪದಲ್ಲಿ ಎರಡು ಸ್ಫೋಟ ನಡೆದಾಗ ಅಮೆರಿಕ ವಿಶ್ವಸಂಸ್ಥೆಯ ಅಣುಶಕ್ತಿ ಆಯೋಗದ ಸದಸ್ಯ ದೇಶಗಳಿಂದ ವೀಕ್ಷಕರನ್ನು ಕರೆಸಿ, ದೂರದ ಹಡಗಿನಿಂದ ತೋರಿಸಿತು. ಸೋವಿಯತ್ ಪ್ರತಿನಿಧಿಗಳೂ ಬಂದಿದ್ದರು. ಅವರೆಲ್ಲ ಕಂಡದ್ದು ಬೆಳಕು, ಮೋಡ, ಮುಳುಗಿದ ಹಡಗು. ಪೆನ್ನಿ ಮಾತ್ರ ಅಮೆರಿಕನ್ನರ ಕೋರಿಕೆಯ ಮೇಲೆ ಅಳತೆಯ ಕೆಲಸಕ್ಕೇ ಬಂದವರು. ಅವರು ಹಡಗುಗಳ ಮೇಲೆ ಖಾಲಿ ಡಬ್ಬಿಗಳನ್ನು ಇಡಿಸಿ, ಸ್ಫೋಟದ ನಂತರ ಅವು ಎಷ್ಟು ಜಜ್ಜಿಹೋಗಿವೆ ಎಂಬುದರಿಂದ ಒತ್ತಡವನ್ನು ಲೆಕ್ಕ ಹಾಕಿದರು. ದುಬಾರಿ ಉಪಕರಣಗಳು ಕೈಕೊಟ್ಟ ಕಡೆ ಆ ತಗಡಿನ ಡಬ್ಬಿಗಳು ಉತ್ತರ ಕೊಟ್ಟವು. ಇದನ್ನು ನಾನು ಮಕ್ಕಳಿಗೆ ಹೇಳುತ್ತಿದ್ದೆ, ಭೌತಶಾಸ್ತ್ರದ ಪಾಠವಾಗಿ ಅದು ಬಹಳ ಚೆನ್ನಾಗಿದೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ತಿಳಿದ ವೀಕ್ಷಕನೊಬ್ಬ ಸ್ಥಳದಲ್ಲಿದ್ದರೆ, ಯಾರೂ ಏನೂ ಹೇಳದಿದ್ದರೂ ಅವನು ಬಹಳಷ್ಟನ್ನು ತಾನೇ ತಿಳಿದುಕೊಳ್ಳಬಲ್ಲ. ಮುಂದೆ ಬ್ರಿಟನ್ನಿನ ಪರೀಕ್ಷೆಗಳ ಉಸ್ತುವಾರಿ ಪೆನ್ನಿಯ ಕೈಗೇ ಬಂದಾಗ, ಆಸ್ಟ್ರೇಲಿಯದವರನ್ನು ಎಲ್ಲಿ ನಿಲ್ಲಿಸಬೇಕು, ಏನನ್ನು ಮುಟ್ಟಗೊಡಬಾರದು ಎಂಬುದನ್ನು ಅವರಿಗೆ ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ.

ಅಮೆರಿಕ ಬಾಗಿಲು ಹಾಕಿದ ಮೇಲೆ ಬ್ರಿಟನ್ ಸ್ವಂತ ಬಾಂಬು ಮಾಡಲು ಹೊರಟಿತು. ಪರೀಕ್ಷೆಗೆ ಜಾಗ ಬೇಕು. 1950ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಅಟ್ಲಿ ಆಸ್ಟ್ರೇಲಿಯದ ಪ್ರಧಾನಿ ರಾಬರ್ಟ್ ಮೆಂಜಿಸ್‌ಗೆ ಕೇಳಿಕಳಿಸಿದರು. ಮೆಂಜಿಸ್ ತಮ್ಮ ಸಂಪುಟದ ಮುಂದೆ ವಿಷಯವನ್ನು ಇಡದೆಯೇ ಒಪ್ಪಿಕೊಂಡರು. ಜನರಿಗೆ ತಿಳಿಸಿದ್ದು 1952ರ ಆರಂಭದಲ್ಲಿ. ಒಂದು ಖಂಡದ ನೆಲದ ಮೇಲೆ ಅಣುಬಾಂಬು ಸಿಡಿಸಲು ಕೊಟ್ಟ ಒಪ್ಪಿಗೆಯಲ್ಲಿ ಷರತ್ತುಗಳೇ ಇರಲಿಲ್ಲವೆಂಬುದನ್ನು ಓದಿದಾಗ ನನಗೆ ಆದ ನೋವು ಇಂದಿಗೂ ಹೋಗಿಲ್ಲ. ನಮಗೆ ಏನನ್ನು ತಿಳಿಸುತ್ತೀರಿ, ಯಾವಾಗ ತಿಳಿಸುತ್ತೀರಿ, ಅಪಾಯವಾದರೆ ಹೊಣೆ ಯಾರದು ಎಂದು ಕೇಳಬೇಕಾದ ಸಮಯ ಅದಾಗಿತ್ತು. ಮುಂದೆ ಹತ್ತು ಹನ್ನೆರಡು ವರ್ಷ ಆಸ್ಟ್ರೇಲಿಯದ ಅಧಿಕಾರಿಗಳು ಕಾಡಿ ಬೇಡಿ ಒಂದೊಂದೇ ಕಾಗದ ಪಡೆಯಬೇಕಾಗಿ ಬಂದದ್ದಕ್ಕೆ ಮೂಲ ಅಲ್ಲಿದೆ.

ಬ್ರಿಟನ್ ಬಾಯಿ ಬಿಗಿಹಿಡಿದದ್ದಕ್ಕೆ ಕಾರಣಗಳಿದ್ದವು, ಅವನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಕ್ಯಾನ್‌ಬೆರಾದಿಂದ ರಹಸ್ಯಗಳು ಮಾಸ್ಕೋಗೆ ಸೋರುತ್ತಿವೆ ಎಂಬುದು ಸೋವಿಯತ್ ತಂತಿಗಳ ಗೂಢಲಿಪಿ ಒಡೆದಾಗ ಬಯಲಾಗಿತ್ತು. 1948ರಲ್ಲಿ ಅಮೆರಿಕ ಆಸ್ಟ್ರೇಲಿಯಕ್ಕೆ ಗೋಪ್ಯ ಮಾಹಿತಿ ಕೊಡುವುದನ್ನು ನಿಲ್ಲಿಸಿತು. ಅದನ್ನು ಸರಿಪಡಿಸಲೆಂದೇ 1949ರಲ್ಲಿ ಆಸ್ಟ್ರೇಲಿಯದ ಗುಪ್ತಚರ ಸಂಸ್ಥೆ ಎಎಸ್‌ಐಒ ಹುಟ್ಟಿತು. ಅದೇ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮಾಡಿಕೊಂಡ ಹೊಂದಾಣಿಕೆಯ ಪ್ರಕಾರ, ಅಲ್ಲಿ ಹಂಚಿಕೊಂಡ ಮಾಹಿತಿ ಮೂರನೆಯವರ ಕೈಗೆ ಹೋಗುವಂತಿರಲಿಲ್ಲ. ಆಸ್ಟ್ರೇಲಿಯ ಆ ಮೂರನೆಯವರ ಸಾಲಿನಲ್ಲಿತ್ತು. ಇಷ್ಟಾದರೂ, ಎಲ್ಲಕ್ಕಿಂತ ದೊಡ್ಡ ಸೋರಿಕೆ ಆದದ್ದು ಬ್ರಿಟನ್ನಿನ ಮನೆಯೊಳಗಿಂದಲೇ. ಫುಕ್ಸ್ 1950ರ ಜನವರಿಯಲ್ಲಿ ತಪ್ಪೊಪ್ಪಿಕೊಂಡ, ಮಾರ್ಚ್‌ನಲ್ಲಿ ಹದಿನಾಲ್ಕು ವರ್ಷದ ಶಿಕ್ಷೆಯಾಯಿತು. ಅಮೆರಿಕದ ವಿಶ್ವಾಸವನ್ನು ಮತ್ತೆ ಗಳಿಸಬೇಕೆಂಬ ಆತುರ ಬ್ರಿಟನ್ನಿಗೆ ಆಮೇಲೆ ಇನ್ನೂ ಹೆಚ್ಚಾಯಿತು. ಆ ಆತುರಕ್ಕೆ ಬೆಲೆ ತೆತ್ತವರು ನೆಲ ಕೊಟ್ಟವರು.

ಮೊದಲ ಪರೀಕ್ಷೆ 1952ರ ಅಕ್ಟೋಬರ್ 3ರಂದು. ಪ್ಲಿಮ್ ಎಂಬ ಯುದ್ಧನೌಕೆಯ ಒಡಲಲ್ಲಿ ಬಾಂಬನ್ನಿಟ್ಟು, ಮಾಂಟೆಬೆಲ್ಲೊದ ಟ್ರಿಮೂಯಿ ದ್ವೀಪದ ಹತ್ತಿರ ಸಿಡಿಸಿದರು. ಸುಮಾರು 25 ಕಿಲೋಟನ್. ಸ್ಥಳದಲ್ಲಿರಲು ಆಸ್ಟ್ರೇಲಿಯದ ಮೂವರು ವಿಜ್ಞಾನಿಗಳಿಗೆ ಅವಕಾಶವಾಯಿತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಲೆಸ್ಲಿ ಮಾರ್ಟಿನ್, ಸರಕಾರದ ಸರಬರಾಜು ಇಲಾಖೆಯ ಮುಖ್ಯ ವಿಜ್ಞಾನಿ ಬ್ಯೂಟ್‌ಮೆಂಟ್, ಮತ್ತೆ ಟಿಟರ್ಟನ್. ಇದೇ ಟಿಟರ್ಟನ್ ಲಾಸ್ ಅಲಮೋಸ್‌ನಲ್ಲಿದ್ದವರು, 1945ರ ಟ್ರಿನಿಟಿ ಎಂಬ ಮೊದಲ ಅಣುಬಾಂಬು ಪರೀಕ್ಷೆಯ ಸಮಯಸಂಕೇತದ ಹೊಣೆ ಹೊತ್ತವರು. ಆಗ ಕ್ಯಾನ್‌ಬೆರಾದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಹುಟ್ಟಿನಿಂದ ಇಂಗ್ಲಿಷರು, ಪೆನ್ನಿಯ ಹಳೆಯ ಸಹೋದ್ಯೋಗಿ. ಅವರನ್ನು ಆಸ್ಟ್ರೇಲಿಯದ ಕಣ್ಣು ಎಂದು ಎಣಿಸಬೇಕೋ ಬ್ರಿಟನ್ನಿನ ಕೈ ಎಂದೋ ಎಂಬ ಪ್ರಶ್ನೆ ಅಂದೇ ಏಳಬೇಕಿತ್ತು.

ಕರೆಯದೆ ಬಿಟ್ಟವರ ಹೆಸರನ್ನು ಹೇಳಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯದಲ್ಲಿ ಆಗ ಅಣು ವಿಜ್ಞಾನ ಬಲ್ಲವರಲ್ಲಿ ಎಲ್ಲರಿಗಿಂತ ಹಿರಿಯರು ಮಾರ್ಕ್ ಆಲಿಫಂಟ್. ಅಡಿಲೇಡ್‌ನವರೇ. ಅಣುಬಾಂಬು ಸಾಧ್ಯವೆಂದು ಯುದ್ಧಕಾಲದಲ್ಲಿ ಅಮೆರಿಕನ್ನರನ್ನು ಎಚ್ಚರಿಸಿ ನೂಕಿದವರು. ಟಿಟರ್ಟನ್ನರ ಗುರು. ಆದರೆ ಹಿರೋಶಿಮಾದ ನಂತರ ಅಣುಶಸ್ತ್ರದ ವಿರುದ್ಧ ಬಾಯ್ಬಿಟ್ಟು ಮಾತಾಡುತ್ತಿದ್ದರು. 1951ರಲ್ಲಿ ಅಮೆರಿಕ ಅವರಿಗೆ ವೀಸಾ ಕೊಡಲಿಲ್ಲ. ಅವರನ್ನು ಸೇರಿಸಿಕೊಂಡರೆ ಅಮೆರಿಕ ಏನೆಂದುಕೊಂಡೀತು ಎಂದು ಬ್ರಿಟನ್ ದೂರವಿಟ್ಟಿತು, ಸ್ವದೇಶದ ಸರಕಾರವೂ ಒತ್ತಾಯಿಸಲಿಲ್ಲ. ಕೇಳಬೇಕಾದ ಪ್ರಶ್ನೆ ಯಾವುದೆಂದು ಬಲ್ಲವರು ಹೊರಗುಳಿದರು.

ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬ ಗೆರೆ ಎಲ್ಲಿತ್ತು? ಬಾಂಬಿನ ಒಳಗಿನ ರಚನೆ ಹೇಳುವಂತಿಲ್ಲ, ಅದು ಸಹಜ. ಸ್ಫೋಟದ ಬಿಸಿ, ಗಾಳಿಯ ಒತ್ತಡ, ಟ್ಯಾಂಕು ಮತ್ತು ವಿಮಾನಗಳಿಗೆ ಆದ ಹಾನಿ ಇವನ್ನು ಹೇಳಬಹುದು, ಸೈನ್ಯಕ್ಕೆ ಉಪಯೋಗ. ತೊಡಕು ಬಂದದ್ದು ಧೂಳಿನಲ್ಲಿ. ಬಾಂಬಿನ ಧೂಳು ಅಪಾಯದ ಮೂಲ, ಅದೇ ರಹಸ್ಯದ ಮೂಲ ಕೂಡ. ಆ ಧೂಳಿನಲ್ಲಿ ಯಾವ ಯಾವ ಪರಮಾಣುಗಳು ಯಾವ ಪ್ರಮಾಣದಲ್ಲಿವೆ ಎಂದು ಎಣಿಸಿದರೆ ಬಾಂಬಿನಲ್ಲಿ ಏನಿತ್ತು, ಅದು ಹೇಗೆ ಉರಿಯಿತು ಎಂಬುದು ತಿಳಿದುಹೋಗುತ್ತದೆ. 1954ರ ಮಾರ್ಚ್‌ನಲ್ಲಿ ಬಿಕಿನಿಯ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿತ್ತು. ಟೋಕಿಯೊದ ರಸಾಯನಶಾಸ್ತ್ರಜ್ಞರು ಆ ಬೂದಿಯಲ್ಲಿ ಯುರೇನಿಯಂ-237 ಕಂಡುಹಿಡಿದರು, ಅದರಿಂದ ಬ್ರಿಟನ್ನಿನ ಜೋಸೆಫ್ ರೊಟ್‌ಬ್ಲಾಟ್ ಬಾಂಬಿನ ಒಳಗಿನ ಕ್ರಮವನ್ನೇ ಊಹಿಸಿದರು. ಆದ್ದರಿಂದ ಧೂಳು ಬಿದ್ದ ಊರಿನವರಿಗೆ ಅದರಲ್ಲೇನಿದೆ ಎಂದು ಹೇಳುವುದೂ, ಶತ್ರುವಿಗೆ ಬಾಂಬಿನ ಗುಟ್ಟು ಬಿಟ್ಟುಕೊಡುವುದೂ ಶಸ್ತ್ರ ಇಲಾಖೆಯವರ ಕಣ್ಣಿಗೆ ಒಂದೇ ಆಗಿತ್ತು. ಜನರ ಆರೋಗ್ಯದ ಲೆಕ್ಕ ಸೈನ್ಯದ ಕಡತದಲ್ಲಿ ಬೀಗ ಹಾಕಿಸಿಕೊಂಡು ಕೂತದ್ದು ಹೀಗೆ.

ಇದರ ಕಠಿಣ ಉದಾಹರಣೆ 1953ರ ಟೋಟೆಂ ಎಂಬ ಹೆಸರಿನ ಪರೀಕ್ಷೆಗಳು. ಅಕ್ಟೋಬರ್ 15ರಂದು ಎಮು ಫೀಲ್ಡ್‌ನಲ್ಲಿ ಮೊದಲ ಸ್ಫೋಟ, 27ರಂದು ಎರಡನೆಯದು. ಧೂಳನ್ನು ಹಿಡಿದು ಅಳೆಯಲು ಅಮೆರಿಕದ ವಾಯುಪಡೆಯ ಎರಡು ಬಿ-29 ವಿಮಾನಗಳು ಆಸ್ಟ್ರೇಲಿಯಕ್ಕೆ ಬಂದಿಳಿದಿದ್ದವು. ಆ ಸಿಬ್ಬಂದಿಗೆ ವಿಕಿರಣದ ಅಭ್ಯಾಸವಿತ್ತು, ಅಳೆಯುವ ಸಾಧನಗಳಿದ್ದವು. ಅದೇ ಮೋಡದ ಬೆನ್ನು ಹಿಡಿದು ಹಾರಿದ ಆಸ್ಟ್ರೇಲಿಯದ ಲಿಂಕನ್ ವಿಮಾನಗಳ ಹುಡುಗರಿಗೆ ಸರಿಯಾದ ಸೂಚನೆಯಾಗಲಿ ರಕ್ಷಣೆಯ ಉಡುಪಾಗಲಿ ಇರಲಿಲ್ಲ. ಹಾಗೆ ಅವರನ್ನು ಕಳಿಸಿದ್ದು ನಿರ್ಲಕ್ಷ್ಯವೆಂದು ರಾಯಲ್ ಕಮಿಷನ್ ಬರೆಯಿತು. ಆ ವಿಮಾನಗಳು ಮಲಿನವಾಗಿ ಮರಳಿದವು, ಅವನ್ನು ತೊಳೆದವರಿಗೂ ಏನನ್ನು ತೊಳೆಯುತ್ತಿದ್ದೇವೆಂಬ ಅರಿವಿರಲಿಲ್ಲ. ಅಮೆರಿಕ ದೊಡ್ಡ ಮಿತ್ರ, ಅದಕ್ಕೆ ಧೂಳೇ ಸಿಕ್ಕಿತು. ಆಸ್ಟ್ರೇಲಿಯ ಚಿಕ್ಕ ಮಿತ್ರ, ಅದಕ್ಕೆ ಎಚ್ಚರಿಕೆಯ ಮಾತೂ ಸಿಗಲಿಲ್ಲ.

ಎಮುವಿನಿಂದ ಸುಮಾರು 170 ಕಿಲೋಮೀಟರ್ ಈಶಾನ್ಯದಲ್ಲಿ ವಾಲಟಿನ್ನ ಎಂಬ ದನಗಾವಲಿನ ಜಾಗವಿದೆ. ಮೊದಲ ಸ್ಫೋಟದ ನಂತರ ಕಪ್ಪನೆಯ ಮಂಜೊಂದು ಮರಗಳ ತುದಿ ಸವರಿಕೊಂಡು ತಮ್ಮ ಬಿಡಾರದ ಮೇಲೆ ಬಂತು, ಜನ ವಾಂತಿ ಮಾಡಿಕೊಂಡರು, ಕಣ್ಣು ಉರಿಯಿತು ಎಂದು ಅಲ್ಲಿದ್ದ ಅನಂಗು ಆದಿವಾಸಿ ಜನ ಹೇಳುತ್ತ ಬಂದರು. ಆಗ ಬಾಲಕನಾಗಿದ್ದ ಯಾಮಿ ಲೆಸ್ಟರ್ ಮುಂದೆ ದೃಷ್ಟಿ ಕಳೆದುಕೊಂಡರು. 1980ರಲ್ಲಿ ಅವರು ಈ ಮಾತನ್ನು ಪತ್ರಿಕೆಗೆ ಹೇಳಿದ್ದರಿಂದಲೇ ರಾಯಲ್ ಕಮಿಷನ್ ನೇಮಕವಾಗುವ ಒತ್ತಡ ಬೆಳೆಯಿತು. ಟಿಟರ್ಟನ್ ಅಂಥ ಮಂಜು ಅಸಾಧ್ಯವೆಂದರು. ಮಂಜು ಬಂದದ್ದು ನಿಜವೆಂದು ಕಮಿಷನ್ ಒಪ್ಪಿತು. ಅಷ್ಟೇ ಅಲ್ಲ, ಆ ದಿನದಂಥ ಗಾಳಿಯಲ್ಲಿ ಸಿಡಿಸಿದರೆ ಮಿತಿಮೀರಿದ ಧೂಳು ಬೀಳುತ್ತದೆಂದು ಬ್ರಿಟನ್ನಿನ ಅಧ್ಯಯನವೇ ಮೊದಲು ತೋರಿಸಿತ್ತೆಂದೂ ಹೇಳಿತು.

ಆಸ್ಟ್ರೇಲಿಯ ಸುಮ್ಮನೇ ಕೂತಿರಲಿಲ್ಲ. 1955ರಲ್ಲಿ ತನ್ನದೇ ಸುರಕ್ಷಾ ಸಮಿತಿಯನ್ನು ನೇಮಿಸಿತು. ಗಾಳಿ ಸರಿಯಿಲ್ಲವೆಂದರೆ ಸ್ಫೋಟ ನಿಲ್ಲಿಸುವ ಅಧಿಕಾರ ಅದಕ್ಕಿತ್ತು. ಮಾರ್ಟಿನ್ ಅಧ್ಯಕ್ಷ, 1957ರಿಂದ ಟಿಟರ್ಟನ್. ಕಾಗದದ ಮೇಲೆ ಇದು ದೊಡ್ಡ ಅಧಿಕಾರ. ಆದರೆ ಬಾಂಬಿನಲ್ಲಿ ಏನಿದೆಯೆಂದು ತಿಳಿಯದವನು ಅದರ ಧೂಳಿನ ಅಪಾಯವನ್ನು ಹೇಗೆ ತೂಗಬೇಕು? ಅದೇ 1955ರಲ್ಲಿ ಬ್ರಿಟನ್ನಿನ ಪ್ರಧಾನಿ ಈಡನ್ ಮೆಂಜಿಸ್‌ಗೆ ಬರೆದು, ಮಾಂಟೆಬೆಲ್ಲೊದಲ್ಲಿ ಇನ್ನೆರಡು ಪರೀಕ್ಷೆ ಬೇಕು, ಅವುಗಳಲ್ಲಿ ಹಗುರ ಮೂಲವಸ್ತುಗಳನ್ನು ಸೇರಿಸುತ್ತೇವೆ, ಶಕ್ತಿ ಮೊದಲ ಬಾಂಬಿನ ಎರಡೂವರೆ ಪಟ್ಟು ಮೀರದು ಎಂದರು. ಆಸ್ಟ್ರೇಲಿಯದ ನೆಲದಲ್ಲಿ ಹೈಡ್ರೋಜನ್ ಬಾಂಬು ಪರೀಕ್ಷೆ ಇಲ್ಲವೆಂದು ಸರಕಾರ ಜನರಿಗೆ ಮಾತು ಕೊಟ್ಟಿತ್ತು. ಇವು ಹೈಡ್ರೋಜನ್ ಬಾಂಬುಗಳಲ್ಲ, ಆದರೆ ಅದನ್ನು ಮಾಡುವ ದಾರಿಯಲ್ಲಿ ಬೇಕಾದ ಪ್ರಯೋಗಗಳು. 1956ರ ಜೂನ್ 19ರಂದು ಸಿಡಿದ ಎರಡನೆಯದು 60 ಕಿಲೋಟನ್. ಆಸ್ಟ್ರೇಲಿಯದಲ್ಲಿ ಅದಕ್ಕಿಂತ ದೊಡ್ಡದು ಆಗಿಲ್ಲ. ಅದರ ಮೋಡದ ಒಂದು ಭಾಗ ಸಮುದ್ರ ಬಿಟ್ಟು ನೆಲದ ಮೇಲೆ ಬಂತು.

ಅದೇ ವರ್ಷದ ಸೆಪ್ಟೆಂಬರ್ 27ರಂದು ಮರಲಿಂಗದಲ್ಲಿ ಮೊದಲ ಬಾಂಬು ಸಿಡಿಯಿತು. ಇಲ್ಲಿಗೆ ಪತ್ರಕರ್ತರು ಬಂದರು, ಸೈನ್ಯಾಧಿಕಾರಿಗಳ ಒಂದು ಪಡೆಯೇ ಬಂತು. ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೂರೂ ದೇಶದ ಇನ್ನೂರೈವತ್ತಕ್ಕೂ ಹೆಚ್ಚು ಅಧಿಕಾರಿಗಳು ಸ್ಫೋಟವನ್ನು ನೋಡಿ, ಹಾಳಾದ ಟ್ಯಾಂಕುಗಳ ನಡುವೆ ನಡೆದಾಡಿ, ಊರಿಗೆ ಹೋಗಿ ತಮ್ಮವರಿಗೆ ಪಾಠ ಹೇಳಬೇಕೆಂಬುದು ಉದ್ದೇಶ. ನೋಡುವುದಕ್ಕೆ ಹೀಗೆ ಧಾರಾಳವಾಗಿ ಕರೆ, ತಿಳಿಯುವುದಕ್ಕೆ ಅಲ್ಲ.

ತಿಳಿಯಲು ಹೊರಟವನೊಬ್ಬನ ಕತೆ ನನ್ನ ಈಗಿನ ಊರಿನದು. ಹೆಡ್ಲಿ ಮಾರ್ಸ್ಟನ್ ಅಡಿಲೇಡ್‌ನಲ್ಲಿ ಸಿಎಸ್‌ಐಆರ್‌ಒ ಸಂಸ್ಥೆಯ ಜೀವರಸಾಯನ ವಿಭಾಗದ ಮುಖ್ಯಸ್ಥ, ಕುರಿಗಳ ಪೋಷಣೆಯ ಮೇಲೆ ಹೆಸರು ಮಾಡಿದವರು. ಮೇಯುವ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯಲ್ಲಿ ವಿಕಿರಣಶೀಲ ಅಯೋಡಿನ್ ಎಷ್ಟು ಸೇರುತ್ತದೆಂದು ನೋಡಿಕೊಡಲು ಸುರಕ್ಷಾ ಸಮಿತಿಯೇ ಅವರನ್ನು ಕೇಳಿತು. ಅವರು ಖಂಡದ ಬೇರೆ ಬೇರೆ ಕಡೆಯಿಂದ ಗ್ರಂಥಿಗಳನ್ನು ತರಿಸಿ ಅಳೆದರು. ಸಮಿತಿ ಹೇಳದಿದ್ದ ಇನ್ನೊಂದು ಕೆಲಸವನ್ನೂ ಮಾಡಿದರು: ಅಡಿಲೇಡ್‌ನ ಗಾಳಿಯನ್ನೇ ಅಳೆಯುವ ಸಾಧನ ಹೂಡಿದರು. 1956ರ ಅಕ್ಟೋಬರ್ 11ರಂದು ವಿಮಾನದಿಂದ ಬಾಂಬು ಹಾಕಿದ ಪರೀಕ್ಷೆಯ ನಂತರ ಆ ಸಾಧನ ಮೇಲೇರಿತು. ನಗರದ ಮೇಲೆ ಏನೂ ಬಿದ್ದಿಲ್ಲವೆಂದು ಅಧಿಕೃತರು ಹೇಳುತ್ತಿದ್ದಾಗ ಮಾರ್ಸ್ಟನ್ನರ ಮೇಜಿನ ಮೇಲೆ ಬಿದ್ದಿದೆ ಎಂಬ ಅಂಕಿಗಳಿದ್ದವು. ಕುರಿಯ ಥೈರಾಯ್ಡ್‌ಗೆ ಅಯೋಡಿನ್ ಹೋದರೆ ಹಸುವಿನ ಹಾಲಿಗೆ ಸ್ಟ್ರಾನ್ಶಿಯಂ ಹೋಗುತ್ತದೆ, ಹಾಲಿನಿಂದ ಮಕ್ಕಳ ಮೂಳೆಗೆ ಎಂಬುದು ಅವರ ಆತಂಕ. ಅವರ ಪ್ರಬಂಧವನ್ನು ತಡೆಯಲು, ಮೆತ್ತಗೆ ಮಾಡಲು ಸಮಿತಿ ಒತ್ತಡ ತಂದಿತು. ಅದು ಬೆಳಕು ಕಂಡದ್ದು 1958ರಲ್ಲಿ.

ಮಾರ್ಸ್ಟನ್ ಬಗ್ಗೆ ಬರೆದವರು ಅವರನ್ನು ಸಿಡುಕಿನ, ಜಂಬದ ಮನುಷ್ಯ ಎಂದೂ ಬರೆದಿದ್ದಾರೆ. ಇರಬಹುದು. ಪರೀಕ್ಷೆಗಳ ಇಡೀ ಚರಿತ್ರೆಯಲ್ಲಿ ನನಗೆ ಅವರಷ್ಟು ಬೇಕಾದವರು ಬೇರೆ ಇಲ್ಲ. ಕೊಟ್ಟ ಮಾಹಿತಿಗೆ ಕೈಚಾಚಿ ಕೂರದೆ ತಾವೇ ಅಳೆದರು. ಧೂಳಿನ ಗುಟ್ಟು ಬ್ರಿಟನ್ನಿನದಾದರೂ ಕುರಿ ಆಸ್ಟ್ರೇಲಿಯದ್ದು ತಾನೆ?

ಮಾಹಿತಿ ಎದುರು ದಿಕ್ಕಿನಲ್ಲಿ ಮಾತ್ರ ಸರಾಗವಾಗಿ ಹರಿಯಿತು. 1957ರಿಂದ 1978ರವರೆಗೆ ಆಸ್ಟ್ರೇಲಿಯದಲ್ಲಿ ತೀರಿಕೊಂಡವರ, ಅವರಲ್ಲಿ ಶಿಶುಗಳ ಮೂಳೆಗಳನ್ನೂ ಸ್ಟ್ರಾನ್ಶಿಯಂ ಅಳೆಯಲು ಸಂಗ್ರಹಿಸಿದರು, ಸುಮಾರು 22,000 ಮಾದರಿಗಳು. ಮೊದಲ ವರ್ಷಗಳಲ್ಲಿ ಅವನ್ನು ಬ್ರಿಟನ್ ಮತ್ತು ಅಮೆರಿಕದ ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದರು. ಹೆತ್ತವರನ್ನು ಯಾರೂ ಕೇಳಿರಲಿಲ್ಲ. ಅವರಿಗೆ ವಿಷಯ ತಿಳಿದದ್ದು 2001ರಲ್ಲಿ.

1957ರ ಸೆಪ್ಟೆಂಬರ್ 14ರಂದು ಮರಲಿಂಗದಲ್ಲಿ ಟಾಜೆ ಎಂಬ ಜಾಗದಲ್ಲಿ ಸಿಡಿಸಿದ ಬಾಂಬಿನೊಳಗೆ ಅಳತೆಯ ಅನುಕೂಲಕ್ಕೆಂದು ಕೋಬಾಲ್ಟ್ ಗುಳಿಗೆಗಳನ್ನು ಹಾಕಿದ್ದರು. ಸ್ಥಳದ ವಿಕಿರಣ ನೋಡಿಕೊಳ್ಳುತ್ತಿದ್ದ ಆಸ್ಟ್ರೇಲಿಯದ ಸಿಬ್ಬಂದಿಗೆ ಅದನ್ನು ಹೇಳಿರಲಿಲ್ಲ. ಮುಂದೆ ನೆಲ ಪರೀಕ್ಷಿಸುತ್ತ ಹೋದವರ ಮಾಪಕ ಇದ್ದಕ್ಕಿದ್ದಂತೆ ಜೋರಾಗಿ ಓಡಿ, ತೀವ್ರ ವಿಕಿರಣದ ಆ ಗುಳಿಗೆಗಳು ಅವರ ಕಣ್ಣಿಗೆ ಬಿದ್ದವು.

ದೊಡ್ಡ ಸ್ಫೋಟಗಳಿಗಿಂತ ಹೆಚ್ಚು ವಿಷ ಬಿಟ್ಟುಹೋದದ್ದು ‘ಕಿರು ಪ್ರಯೋಗ’ಗಳೆಂದು ಕರೆದವು. ವಿಕ್ಸನ್-ಬಿ ಹೆಸರಿನಲ್ಲಿ 1960ರಿಂದ 1963ರವರೆಗೆ ಮರಲಿಂಗದ ತಾರನಾಕಿ ಎಂಬಲ್ಲಿ ಪ್ಲುಟೋನಿಯಂ ಇದ್ದ ಸಾಧನಗಳನ್ನು ಮಾಮೂಲಿ ಸಿಡಿಮದ್ದಿನಿಂದ ಒಡೆದರು, ಸುಮಾರು 22 ಕಿಲೋ ಪ್ಲುಟೋನಿಯಂ ಗಾಳಿಗೆ ಚಿಮ್ಮಿ ನೆಲಕ್ಕೆ ಹರಡಿತು. ಅದರ ಅರ್ಧಾಯುಷ್ಯ 24,000 ವರ್ಷ. 1958ರ ಕೊನೆಯಿಂದ ಜಿನೀವಾದಲ್ಲಿ ಪರೀಕ್ಷಾ ನಿಷೇಧದ ಮಾತುಕತೆ ನಡೆಯುತ್ತಿತ್ತು, ಮೂರೂ ಅಣುರಾಷ್ಟ್ರಗಳು ಪರೀಕ್ಷೆ ನಿಲ್ಲಿಸಿದ್ದವು. ಆ ಹೊತ್ತಿನಲ್ಲಿ ಈ ಪ್ರಯೋಗಗಳ ಸುದ್ದಿ ಹೊರಬಿದ್ದರೆ ಮುಜುಗರವೆಂದು ಬ್ರಿಟನ್ ಅವುಗಳ ಹೆಸರನ್ನೇ ಬದಲಿಸಿ ‘ಮರಲಿಂಗ ಪ್ರಯೋಗ ಕಾರ್ಯಕ್ರಮ’ ಎಂದು ಕರೆಯಿತು. ಇನ್ನೊಂದು ಕಡೆ 1958ರ ಜುಲೈ 3ರಂದು ಅಮೆರಿಕ ಮತ್ತು ಬ್ರಿಟನ್ ಪರಸ್ಪರ ರಕ್ಷಣಾ ಒಪ್ಪಂದ ಮಾಡಿಕೊಂಡಿದ್ದವು. ಮುಚ್ಚಿದ್ದ ಬಾಗಿಲು ಬ್ರಿಟನ್ನಿಗೆ ಮತ್ತೆ ತೆರೆಯಿತು. ಹಾಗೆ ಬಂದ ಮಾಹಿತಿ ಬೇರೆ ದೇಶಕ್ಕೆ ದಾಟಿಸುವಂತಿರಲಿಲ್ಲವಾದ್ದರಿಂದ ಆಸ್ಟ್ರೇಲಿಯಕ್ಕೆ ಹೇಳಬಹುದಾದದ್ದು ಇನ್ನೂ ಕಡಿಮೆಯಾಯಿತು.

ತಿಳಿಸಬೇಕಾದವರ ಯಾವ ಪಟ್ಟಿಯಲ್ಲೂ ಅನಂಗು ಜನರ ಹೆಸರಿರಲಿಲ್ಲ. ಇದನ್ನು ನಾನು ಬರೆಯಲೇಬೇಕು. ಸಾವಿರಾರು ವರ್ಷಗಳಿಂದ ಆ ನೆಲದಲ್ಲಿ ನೀರಿನ ಗುಂಡಿಯಿಂದ ನೀರಿನ ಗುಂಡಿಗೆ ನಡೆದವರು ಅವರು. 1952ರಲ್ಲಿ ಊಲ್ಡಿಯ ಮಿಷನ್ ಮುಚ್ಚಿ ಅವರಲ್ಲಿ ಹೆಚ್ಚಿನವರನ್ನು ದಕ್ಷಿಣದ ಯಲಾಟಕ್ಕೆ ಸಾಗಿಸಿದ್ದರು. ಅಷ್ಟು ದೊಡ್ಡ ಮರುಭೂಮಿಯಲ್ಲಿ ಇನ್ನೂ ಓಡಾಡುತ್ತಿದ್ದವರನ್ನು ಹುಡುಕಿ ಎಚ್ಚರಿಸಲು ಬಹುಕಾಲ ಒಬ್ಬನೇ ಅಧಿಕಾರಿ ಇದ್ದ, ವಾಲ್ಟರ್ ಮೆಕ್‌ಡೂಗಲ್. ಅವನು ಅವರ ಪರವಾಗಿ ಗಟ್ಟಿಯಾಗಿ ಬರೆದಾಗ, ಈ ಮನುಷ್ಯ ಬೆರಳೆಣಿಕೆಯ ಆದಿವಾಸಿಗಳನ್ನು ಕಾಮನ್‌ವೆಲ್ತ್‌ಗಿಂತ ಮೇಲಿಡುತ್ತಾನೆ ಎಂದು ದೂರಿದವರು ಮುಖ್ಯ ವಿಜ್ಞಾನಿ ಬ್ಯೂಟ್‌ಮೆಂಟ್, ಮೊದಲ ಪರೀಕ್ಷೆಯ ಆ ಮೂವರಲ್ಲಿ ಒಬ್ಬರು. 1957ರ ಮೇ ತಿಂಗಳಲ್ಲಿ ಒಂದು ಕುಟುಂಬ, ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮಾರ್ಕೂ ಎಂಬ ಬಾಂಬಿನ ಕುಳಿಯ ಹತ್ತಿರ ರಾತ್ರಿ ಕಳೆದದ್ದು ಕಂಡುಬಂತು. ಸೈನಿಕರು ಅವರಿಗೆ ಸ್ನಾನ ಮಾಡಿಸಿದರು, ನಾಯಿಗಳಿಗೆ ಗುಂಡಿಕ್ಕಿದರು. ತಾಯಿ ಗರ್ಭಿಣಿ, ಮಗು ಸತ್ತು ಹುಟ್ಟಿತು. ಏನಾಯಿತೆಂದು ಅವರ ಭಾಷೆಯಲ್ಲಿ ಅವರಿಗೆ ತಿಳಿಯ ಹೇಳಿದವರಿಲ್ಲ. ನೋಡಿದ ಸೈನಿಕರಿಗೆ ಬಾಯಿ ಬಿಡಬಾರದೆಂದು ಆಜ್ಞೆಯಾಯಿತು.

ಬ್ರಿಟನ್ 1967ರಲ್ಲಿ ಮೇಲ್ಮಣ್ಣನ್ನು ಉತ್ತು ಕಲಸಿ ಹೊರಟುಹೋಯಿತು. 1968ರಲ್ಲಿ ಆಲ್ಡರ್‌ಮಾಸ್ಟನ್ ಶಸ್ತ್ರ ಸಂಶೋಧನಾ ಕೇಂದ್ರದ ನೋವಾ ಪಿಯರ್ಸ್ ಬರೆದ ವರದಿ, ಪ್ಲುಟೋನಿಯಂನ ಬಹುಪಾಲು, 20 ಕಿಲೋದಷ್ಟು, ಗುಂಡಿಗಳಲ್ಲಿ ಹೂತಿದೆ ಎಂದಿತು. ಅದನ್ನು ನಂಬಿ ಆಸ್ಟ್ರೇಲಿಯ ಬ್ರಿಟನ್ನನ್ನು ಹೊಣೆಯಿಂದ ಬಿಡುಗಡೆ ಮಾಡಿತು. 1984ರಲ್ಲಿ ಆಸ್ಟ್ರೇಲಿಯದ ವಿಕಿರಣ ಪ್ರಯೋಗಾಲಯದವರು ಹೋಗಿ ಅಳೆದಾಗ ಪ್ಲುಟೋನಿಯಂ ಬಯಲಲ್ಲಿ ಚೂರುಚೂರಾಗಿ ಬಿದ್ದಿತ್ತು. ಅದೇ ವರ್ಷ ಜೇಮ್ಸ್ ಮೆಕ್‌ಲೆಲ್ಯಾಂಡ್ ನೇತೃತ್ವದ ರಾಯಲ್ ಕಮಿಷನ್ ಕೆಲಸ ಶುರುಮಾಡಿತು, 1985ರ ಆರಂಭದಲ್ಲಿ ಲಂಡನ್ನಿಗೇ ಹೋಗಿ ಕೂತು ವಿಚಾರಣೆ ನಡೆಸಿತು, ಗೋಪ್ಯ ಕಡತಗಳನ್ನು ಕೇಳಿ ಪಡೆಯಿತು. ಟಿಟರ್ಟನ್ನರ ಬಗ್ಗೆ ಅದರ ತೀರ್ಮಾನ ಕಟುವಾದದ್ದು: ಬ್ರಿಟನ್ನಿಗೆ ಒಳ್ಳೆಯದೆಂದು ತೋರಿದರೆ ತಮ್ಮ ಸರಕಾರದಿಂದಲೂ ಸಮಿತಿಯ ಸಹಸದಸ್ಯರಿಂದಲೂ ಮಾಹಿತಿ ಮುಚ್ಚಿಡಲು ಅವರು ಸಿದ್ಧರಿದ್ದರು. ಎರಡನೆಯ ಶುದ್ಧೀಕರಣ 2000ದವರೆಗೆ ನಡೆಯಿತು, ಖರ್ಚು 10 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಮೇಲೆ. ಬ್ರಿಟನ್ 2 ಕೋಟಿ ಪೌಂಡ್ ಕೊಟ್ಟಿತು.

ಮರಲಿಂಗವನ್ನು ನಾನು ಕಣ್ಣಾರೆ ನೋಡಿದ್ದೇನೆ. ಈಗ ಅದು ಮರಲಿಂಗ ಜರುಜ ಜನರ ಸ್ವತ್ತು, ಅವರ ಅನುಮತಿಯಿಂದಲೇ ಒಳಗೆ ಹೋಗಬೇಕು. ಕೆಂಪು ಮಣ್ಣು, ಕುರುಚಲು ಮಲ್ಗಾ ಗಿಡ, ಸ್ಫೋಟದ ಜಾಗದಲ್ಲೊಂದು ಸಿಮೆಂಟಿನ ಕಂಬ. ಅದರ ಮೇಲಿನ ಲೋಹದ ಫಲಕ, ಇಲ್ಲಿ ಶಾಶ್ವತವಾಗಿ ನೆಲೆಸಬಾರದೆಂಬ ಅರ್ಥದ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿ ಕೊಡುತ್ತದೆ.

ಗೌರಿಬಿದನೂರಿಗೂ ಈ ಕತೆಗೂ ಇರುವ ನಂಟು ನನಗೆ ತಡವಾಗಿ ತಿಳಿಯಿತು. 1963ರ ಪರೀಕ್ಷಾ ನಿಷೇಧ ಒಪ್ಪಂದದ ನಂತರ ಹೆಚ್ಚಿನ ಪರೀಕ್ಷೆಗಳು ನೆಲದೊಳಗೆ ಇಳಿದವು. ಅಂಥ ಸ್ಫೋಟಗಳನ್ನು ದೂರದಿಂದ ಪತ್ತೆ ಹಚ್ಚಲು ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ಭೂಕಂಪನ ಮಾಪಕಗಳ ಸಾಲುಗಳನ್ನು ಜಗತ್ತಿನ ಕೆಲವೆಡೆ ಹೂಡಿಸಿತು: ಸ್ಕಾಟ್‌ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗ, ನಮ್ಮ ಗೌರಿಬಿದನೂರು. ನಮ್ಮದು 1965ರಲ್ಲಿ, ಭಾರತದ ಅಣುಶಕ್ತಿ ಇಲಾಖೆಯ ಜೊತೆಗೂಡಿ ಆದದ್ದು. ದಖ್ಖನಿನ ಗಟ್ಟಿ ಬಂಡೆಯ ಮೇಲೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಇಪ್ಪತ್ತು ಮಾಪಕಗಳು. ಹೊಲಗಳ ನಡುವೆ ಬೀಗ ಹಾಕಿದ್ದ ಆ ಗುಂಡಿಗಳನ್ನು ಚಿಕ್ಕಂದಿನಲ್ಲಿ ನಾವು ನೋಡುತ್ತಿದ್ದೆವು. ‘ಭೂಮಿ ಅಲುಗಿದರೆ ಬರಕೊಳ್ತದಂತೆ ಕಣಮ್ಮಾ’ ಎಂದಿದ್ದರು ನಮ್ಮಪ್ಪ. ಆಗ ಆ ಪ್ರಾಧಿಕಾರದ ಅಧ್ಯಕ್ಷರಾಗಿದ್ದವರು ವಿಲಿಯಂ ಪೆನ್ನಿ. ಈ ಮಾಪಕಗಳ ಹಿಂದಿದ್ದದ್ದು ಆಲ್ಡರ್‌ಮಾಸ್ಟನ್ ಕೇಂದ್ರದ ತಜ್ಞರು. ಕೋಬಾಲ್ಟ್ ಗುಳಿಗೆಯ ಮಾತನ್ನು ಮಿತ್ರನಿಗೆ ಹೇಳದ ಸಂಸ್ಥೆಯೇ, ಮಿತ್ರಕೂಟದಲ್ಲಿಲ್ಲದ ನಮ್ಮ ದೇಶದ ಜೊತೆ ಸ್ಫೋಟಗಳ ಅಲೆಯನ್ನು ಹಂಚಿಕೊಂಡು ಓದಿತು. ಅಲೆಯನ್ನು ಮುಚ್ಚಿಡಲು ಯಾರ ಕೈಯಲ್ಲೂ ಆಗುವುದಿಲ್ಲ, ಅದು ಎಲ್ಲ ದೇಶಗಳ ಬಂಡೆಗಳಲ್ಲೂ ಹಾದುಹೋಗುತ್ತದೆ. ಬಚ್ಚಿಡಲಾಗದ್ದನ್ನು ಹಂಚಿಕೊಂಡರು, ಬಚ್ಚಿಡಬಹುದಾದದ್ದನ್ನು ಬಚ್ಚಿಟ್ಟರು ಎಂದೇ ನಾನು ಇದನ್ನು ಓದುತ್ತೇನೆ.

ಆ ಮನೋಭಾವ ಇನ್ನೂ ಹೋಗಿಲ್ಲ. ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿ ದಶಕಗಳಿಂದ ಯಾರು ಬೇಕಾದರೂ ಓದಬಹುದಾಗಿದ್ದ ಈ ಪರೀಕ್ಷೆಗಳ ನೂರಾರು ಕಡತಗಳನ್ನು 2018ರ ಕೊನೆಯಲ್ಲಿ ಭದ್ರತೆಯ ಮರುಪರಿಶೀಲನೆಯ ಹೆಸರಿನಲ್ಲಿ ಹಿಂತೆಗೆದುಕೊಂಡರು. ಆ ನೆಲದಲ್ಲಿ ದುಡಿದವರಲ್ಲಿ ಬಹುಪಾಲು ಮಂದಿ ತೀರಿಹೋಗಿದ್ದಾರೆ, ಯಾಮಿ ಲೆಸ್ಟರ್ 2017ರಲ್ಲಿ ತೀರಿಕೊಂಡರು. ಬದುಕಿರುವವರಿಗೂ ಅವರ ಮಕ್ಕಳಿಗೂ ತಮ್ಮ ಮೈಮೇಲೆ ಏನು ಬಿತ್ತೆಂದು ತಿಳಿಯುವ ಹಕ್ಕಿದೆ, ಅದಕ್ಕೆ ಬೇಕಾದ ಕಾಗದಗಳು ಆ ಕಡತಗಳಲ್ಲಿವೆ. ಅವನ್ನು ಪೂರ್ತಿಯಾಗಿ ತೆರೆಯಬೇಕು, ಮೊದಲ ಪ್ರತಿ ಯಲಾಟಕ್ಕೆ ಹೋಗಬೇಕು.